ನಂಬುವವನ ಬುದ್ಧಿ, ನಂಬದವನ ಅಂತಃಕರಣ



ಆಸ್ತಿಕ, ನಾಸ್ತಿಕ ಎಂಬ ಮಾತುಗಳನ್ನು ನಾವು ದಿನವೂ ಬಳಸುತ್ತೇವೆ. ದೇವರಿದ್ದಾನೆ ಎನ್ನುವವನು ಆಸ್ತಿಕ, ಇಲ್ಲವೆನ್ನುವವನು ನಾಸ್ತಿಕ ಎಂಬುದು ಇಂದಿನ ರೂಢಿ. ನಮ್ಮ ಪ್ರಾಚೀನರು ಗೆರೆಯನ್ನು ಬೇರೆಡೆಯಲ್ಲಿ ಎಳೆದಿದ್ದರು. ವೇದವನ್ನು ನಿಂದಿಸುವವನೇ ನಾಸ್ತಿಕನೆಂದು ಮನುಸ್ಮೃತಿ ಹೇಳುತ್ತದೆ. ವೇದಪ್ರಾಮಾಣ್ಯವನ್ನು ಒಪ್ಪದ ಜೈನ, ಬೌದ್ಧ ದರ್ಶನಗಳನ್ನೂ ಚಾರ್ವಾಕ ದರ್ಶನದ ಪಂಕ್ತಿಯಲ್ಲಿಯೇ ಕೂರಿಸಿದರು. ಈ ಲೆಕ್ಕದಲ್ಲಿ 'ಆದಿಪುರಾಣ'ವನ್ನು ಬರೆದ ನಮ್ಮ ಪಂಪನೂ ನಾಸ್ತಿಕರ ಪೈಕಿಯವನೇ!

ಪಶ್ಚಿಮದ ಕಥೆ ಇದಕ್ಕಿಂತ ಸ್ವಾರಸ್ಯಕರವಾದುದು. ಕ್ರಿಸ್ತಶಕ ಎರಡನೆಯ ಶತಮಾನದ ರೋಮ್ ಸಾಮ್ರಾಜ್ಯದಲ್ಲಿ ಕ್ರೈಸ್ತರ ಮೇಲೆ ಹೊರಿಸಿದ್ದ ಆರೋಪಗಳಲ್ಲಿ ನಾಸ್ತಿಕತೆಯೂ ಒಂದು. ರಾಜ್ಯದ ದೇವತೆಗಳಿಗೆ ಬಲಿ ಅರ್ಪಿಸದವರು ದೇವರಿಲ್ಲದವರೆಂದು ಜನ ತಿಳಿದರು. ಜಸ್ಟಿನ್ ಎಂಬ ಚಿಂತಕ ಚಕ್ರವರ್ತಿಗೆ ಬರೆದ ಸಮರ್ಥನೆಯಲ್ಲಿ, ಆ ದೇವತೆಗಳ ಮಟ್ಟಿಗೆ ನಾವು ನಾಸ್ತಿಕರೇ ಸರಿ, ಸತ್ಯದೇವರ ಮಟ್ಟಿಗೆ ಅಲ್ಲ ಎಂದು ಉತ್ತರ ಕೊಡಬೇಕಾಯಿತು. ಕೊನೆಗೆ ಅವನು ತನ್ನ ನಂಬಿಕೆಗಾಗಿ ಪ್ರಾಣವನ್ನೇ ತೆತ್ತ.

ನಾನು ಕ್ರೈಸ್ತ, ಕನ್ನಡ ಸಾಹಿತ್ಯವನ್ನು ಪಾಠ ಹೇಳಿ ನಿವೃತ್ತನಾದವನು. ನನ್ನ ಮತದ ಹಿರಿಯರೇ ಹೊತ್ತು ತಿರುಗಿದ ಹೆಸರನ್ನು ಇನ್ನೊಬ್ಬರ ಮೇಲೆ ಬೈಗುಳದಂತೆ ಎಸೆಯುವ ಮನಸ್ಸು ನನಗೆ ಬರುವುದಿಲ್ಲ.

ಆದರೂ ನಂಬುವವರಿಗೂ ನಂಬದವರಿಗೂ ನಡುವೆ ಒಂದು ಬಗೆಯ ಅಸಹನೆ ಬೆಳೆಯುತ್ತಿರುವುದನ್ನು ಕಾಣುತ್ತಿದ್ದೇನೆ. ಅಧ್ಯಾಪಕರ ಕೊಠಡಿಯಲ್ಲಿ ನಾನು ಮತ್ತೆ ಮತ್ತೆ ಕೇಳಿದ ಪ್ರಶ್ನೆ ಇದು: "ಇಷ್ಟೆಲ್ಲ ಓದಿಕೊಂಡೂ ನೀವು ಚರ್ಚಿಗೆ ಹೋಗುತ್ತೀರಾ, ಮೇಷ್ಟ್ರೆ?" ಕೇಳಿದವರು ಸ್ನೇಹಿತರೇ, ಮಾತಿನಲ್ಲಿ ನಗೆಯೂ ಇತ್ತು. ದೇವರಿದ್ದಾನೆಯೆ ಎಂದು ಕೇಳಿದ್ದರೆ ನನಗೆ ನೋವಾಗುತ್ತಿರಲಿಲ್ಲ. ನೋವಾದದ್ದು ಆ 'ಓದಿಕೊಂಡೂ' ಎಂಬ ಮಾತಿನಿಂದ. ಮೊಣಕಾಲೂರಿ ಪ್ರಾರ್ಥಿಸುವವನು ತನ್ನ ಬುದ್ಧಿಯನ್ನು ಪಾದರಕ್ಷೆಯ ಜೊತೆಗೆ ಹೊರಗೆ ಬಿಟ್ಟು ಬಂದಿದ್ದಾನೆ ಎಂಬ ತೀರ್ಮಾನ ಅದರಲ್ಲಿ ಅಡಗಿತ್ತು.

ನಮ್ಮ ಕಡೆಯ ಮಾತೂ ಇದಕ್ಕೆ ಕಡಮೆಯದಲ್ಲ. "ದೇವರೇ ಇಲ್ಲವೆನ್ನುವವನಿಗೆ ಯಾವ ಅಂಜಿಕೆ? ಅವನು ಏನು ಬೇಕಾದರೂ ಮಾಡಿಯಾನು" ಎಂದು ಭಕ್ತರು ಎಷ್ಟು ಸುಲಭವಾಗಿ ಹೇಳಿಬಿಡುತ್ತಾರೆ! ಒಬ್ಬರು ಇನ್ನೊಬ್ಬರ ಬುದ್ಧಿಯನ್ನು ಇಲ್ಲವೆನ್ನುತ್ತಾರೆ. ಇವರು ಅವರ ಅಂತಃಕರಣವನ್ನೇ ಇಲ್ಲವೆನ್ನುತ್ತಾರೆ. ಜಗಳ ದೇವರ ಕುರಿತಾಗಿ ನಡೆಯುತ್ತಿರುವಂತೆ ಮೇಲ್ನೋಟಕ್ಕೆ ಕಂಡರೂ, ಅಪಮಾನಕ್ಕೆ ಗುರಿಯಾಗುವವನು ಮನುಷ್ಯ.

ಇವೆರಡನ್ನೂ ಪರಸ್ಪರ ಬಿಟ್ಟುಕೊಟ್ಟ ಒಂದು ಮನೆಯ ಉದಾಹರಣೆ ನನಗೆ ಬಲು ಪ್ರಿಯವಾದದ್ದು. ಚಾರ್ಲ್ಸ್ ಡಾರ್ವಿನ್ ಮತ್ತು ಎಮ್ಮಾ ಮದುವೆಯಾದದ್ದು 1839ರ ಜನವರಿಯಲ್ಲಿ. ಎಮ್ಮಾ ದೃಢವಾದ ಕ್ರೈಸ್ತ ಶ್ರದ್ಧೆಯ ಹೆಣ್ಣುಮಗಳು. ಡಾರ್ವಿನ್ನನಿಗೆ ಆಗಲೇ ಸಂಶಯಗಳು ಹುಟ್ಟಿದ್ದವು. ಮದುವೆಯಾದ ಹೊಸತರಲ್ಲಿ ಆಕೆ ಗಂಡನಿಗೆ ಒಂದು ಪತ್ರ ಬರೆದಳು. ಪ್ರಮಾಣವಿಲ್ಲದೆ ಯಾವುದನ್ನೂ ಒಪ್ಪದ ವಿಜ್ಞಾನದ ಅಭ್ಯಾಸ, ಆ ರೀತಿಯ ಪ್ರಮಾಣಕ್ಕೆ ಸಿಕ್ಕದ ವಿಷಯಗಳಲ್ಲಿಯೂ ಅವನ ಮನಸ್ಸನ್ನು ಆಳಿಬಿಡಬಹುದೆಂಬುದು ಆಕೆಯ ಭಯ. ತಾವಿಬ್ಬರೂ ಎಂದೆಂದಿಗೂ ಒಬ್ಬರಿಗೊಬ್ಬರು ಸೇರಿದವರಲ್ಲವೆಂದಾದರೆ ಆ ದುಃಖ ತಡೆಯಲಾರದ್ದು ಎಂದಳು. ಆದರೆ ಅದೇ ಪತ್ರದಲ್ಲಿ, ಪ್ರಾಮಾಣಿಕವಾಗಿ ಸತ್ಯವನ್ನು ಅರಸುತ್ತಿರುವವರೆಗೆ ನೀನು ತಪ್ಪುದಾರಿ ಹಿಡಿದವನಲ್ಲವೆಂಬ ಭಾವವನ್ನೂ ಬರೆದಳು. ನಂಬದವನ ಅಂತಃಕರಣವನ್ನು ನಂಬುವವಳು ಒಪ್ಪಿಕೊಂಡದ್ದು ಹೀಗೆ.

ಡಾರ್ವಿನ್ ಆ ಪತ್ರವನ್ನು ಜೋಪಾನವಾಗಿ ಇಟ್ಟುಕೊಂಡ. ತಾನು ಇದಕ್ಕೆ ಎಷ್ಟೋ ಸಲ ಮುತ್ತಿಟ್ಟು ಅತ್ತಿದ್ದುದು ತನ್ನ ಮರಣಾನಂತರ ಆಕೆಗೆ ತಿಳಿದಿರಲೆಂದು ಅದರ ಕೆಳಗೆ ಬರೆದ. ಮುಂದೆ 1844ರಲ್ಲಿ ತನ್ನ ಸಿದ್ಧಾಂತವನ್ನು ಒಂದು ಪ್ರಬಂಧವಾಗಿ ಬರೆದಾಗ, ತಾನು ಅಕಸ್ಮಾತ್ತಾಗಿ ತೀರಿಕೊಂಡರೆ 400 ಪೌಂಡು ಮೀಸಲಿಟ್ಟು ಅದನ್ನು ಪ್ರಕಟಿಸುವ ಹೊಣೆಯನ್ನು ಅವನು ವಹಿಸಿದ್ದು ಯಾರಿಗೆ? ಆ ಎಮ್ಮಾಳಿಗೇ! ಯಾವ ವಿಚಾರ ಆಕೆಯ ಶ್ರದ್ಧೆಗೆ ಕಳವಳ ತರಬಲ್ಲದೋ ಅದನ್ನೇ ಆಕೆಯ ಕೈಯಲ್ಲಿಟ್ಟ. ಆಕೆಯ ಬುದ್ಧಿಯ ಮೇಲೂ ನ್ಯಾಯನಿಷ್ಠೆಯ ಮೇಲೂ ಅವನಿಗಿದ್ದ ಭರವಸೆಗೆ ಬೇರೆ ಸಾಕ್ಷಿ ಬೇಕೆ? ಕೊನೆಯವರೆಗೂ ಆಕೆ ನಂಬಿದಳು. ಅವನು ತನ್ನನ್ನು ಅಜ್ಞೇಯವಾದಿಯೆಂದು ಕರೆದುಕೊಂಡ. 1882ರಲ್ಲಿ ಅವನು ಕಣ್ಣು ಮುಚ್ಚುವವರೆಗೆ ಆ ದಾಂಪತ್ಯ ಮುರಿಯಲಿಲ್ಲ.

ಎಲ್ಲ ಸಂಬಂಧಗಳೂ ಇಷ್ಟು ಸಲೀಸಾಗಿ ಸಾಗುವುದಿಲ್ಲ. ಬರ್ನಾರ್ಡ್ ಷಾ ಅವರಿಗೂ ಸ್ಟ್ಯಾನ್‌ಬ್ರೂಕ್ ಮಠದ ಸಂನ್ಯಾಸಿನಿ ಲಾರೆನ್ಷಿಯಾ ಅವರಿಗೂ ಗಾಢವಾದ ಸ್ನೇಹವಿತ್ತು. 1932ರಲ್ಲಿ ಷಾ, ದೇವರನ್ನು ಹುಡುಕಿ ಹೊರಟ ಕರಿಯ ಹುಡುಗಿಯೊಬ್ಬಳ ಕಥೆಯನ್ನು ಪ್ರಕಟಿಸಿದಾಗ ಆ ತಾಯಿಯ ಮನಸ್ಸು ಮುರಿಯಿತು. ಪುಸ್ತಕವನ್ನು ಹಿಂತೆಗೆದುಕೊಳ್ಳಿ ಎಂದರು; ಷಾ ಒಪ್ಪಲಿಲ್ಲ. ಮಾತು ನಿಂತಿತು. 1934ರಲ್ಲಿ ಆಕೆ ಸಂನ್ಯಾಸ ಸ್ವೀಕರಿಸಿ ಐವತ್ತು ವರ್ಷ ತುಂಬಿದ ನೆನಪಿನ ಚೀಟಿಯೊಂದು ಷಾ ಅವರ ಕೈಸೇರಿತು. ಅದನ್ನು ಮರಣವಾರ್ತೆಯೆಂದು ತಿಳಿದು ಅವರು ಮಠಕ್ಕೆ ಸಂತಾಪದ ಕಾಗದ ಬರೆದರು. ತಾನು ಬದುಕಿದ್ದೇನೆಂದು ಉತ್ತರ ಬರೆದವರು ಸ್ವತಃ ಲಾರೆನ್ಷಿಯಾ! ಸ್ನೇಹ ಮತ್ತೆ ಚಿಗುರಿತು. ಪುಸ್ತಕ ಹಾಗೆಯೇ ಉಳಿಯಿತು, ಪ್ರಾರ್ಥನೆಯೂ ನಿಲ್ಲಲಿಲ್ಲ. ಎದುರಾಳಿ ಇನ್ನಿಲ್ಲವೆಂಬ ಸುದ್ದಿ ಬಂದಾಗ ನಮಗೆ ಏನು ನಷ್ಟವಾದಂತೆ ತೋರುತ್ತದೆಯೋ ಅದೇ ಅವರ ನಿಜವಾದ ಬೆಲೆ. ಆ ಬೆಲೆಯನ್ನು ಅವರು ಇರುವಾಗಲೇ ತಿಳಿಯುವುದು ಲೇಸು.

ನಾನು ಕೇಳುತ್ತಿರುವುದು ರಿಯಾಯಿತಿಯಲ್ಲ. ನನ್ನ ಮತವನ್ನು ಪ್ರಶ್ನಿಸಬಾರದೆಂದು ನಾನು ಹೇಳಲಾರೆ. ಪ್ರಶ್ನೆಗೆ ಹೆದರುವ ಶ್ರದ್ಧೆ ಶ್ರದ್ಧೆಯೇ ಅಲ್ಲ. ಧರ್ಮದ ಹೆಸರಿನಲ್ಲಿ ನಡೆದ ಕ್ರೌರ್ಯವನ್ನು ಎತ್ತಿ ತೋರಿಸುವವನಿಗೆ ನಾನು ಕೃತಜ್ಞನಾಗಿರಬೇಕು. ನನ್ನ ಬೇಡಿಕೆ ಇಷ್ಟೆ: ತೀರ್ಪು ಕೊಡುವ ಮುನ್ನ ಕೇಳಿಸಿಕೊಳ್ಳಿ, ನಮ್ಮಲ್ಲಿ ಅತಿ ದುರ್ಬಲನಾದವನ ಮಾತನ್ನೇ ನಮ್ಮೆಲ್ಲರ ಮಾತೆಂದು ತಿಳಿಯಬೇಡಿ. ನಂಬದವರ ವಿಷಯದಲ್ಲಿ ನಾನೂ ಈ ನಿಯಮಕ್ಕೆ ಬದ್ಧ.

ಇದು ಅಸಾಧ್ಯವಾದುದೇನೂ ಅಲ್ಲ. ಸಾಹಿತ್ಯದ ತರಗತಿಯಲ್ಲಿ ನಾವು ದಿನವೂ ಮಾಡುತ್ತಿದ್ದ ಕೆಲಸ. ಆದಿಪುರಾಣದಲ್ಲಿ ನೀಲಾಂಜನೆ ನರ್ತಿಸುತ್ತಲೇ ಮಾಯವಾಗುತ್ತಾಳೆ. ಅದನ್ನು ಕಂಡ ವೃಷಭನಾಥನಿಗೆ ವೈರಾಗ್ಯ ಮೂಡುತ್ತದೆ. ಹೇಳುವ ನಾನು ಕ್ರೈಸ್ತ; ಕೇಳುವವರಲ್ಲಿ ಹಿಂದೂಗಳು, ಮುಸಲ್ಮಾನರು, ಏನನ್ನೂ ನಂಬದವರು. ಜಿನಧರ್ಮವನ್ನು ಒಪ್ಪಿದ ಮೇಲೆಯೇ ಪಂಪನನ್ನು ಓದುತ್ತೇವೆಂದು ಯಾರೂ ಹಟ ಹಿಡಿಯಲಿಲ್ಲ. ಸಾವಿರ ವರ್ಷದ ಹಿಂದಿನ ಕವಿಗೆ ಸಲ್ಲಿಸುವ ಸೌಜನ್ಯವನ್ನು ಪಕ್ಕದ ಮನೆಯವನಿಗೆ ಸಲ್ಲಿಸಲು ನಮಗೆ ಏಕೆ ಕಷ್ಟವಾಗಬೇಕು?

ಕನ್ನಡದ ಕ್ರೈಸ್ತರಲ್ಲಿ ದೇವರ ಮೇಲಿನ ಶ್ರದ್ಧೆಗೆ 'ವಿಶ್ವಾಸ' ಎಂಬ ಮಾತು ಬಳಕೆಯಲ್ಲಿದೆ. ಅದೇ ಮಾತಿಗೆ ನಮ್ಮ ಮನೆಮಾತಿನಲ್ಲಿ ಪ್ರೀತಿ, ಸಲಿಗೆ ಎಂಬ ಅರ್ಥವೂ ಉಂಟು. "ಬಹಳ ವಿಶ್ವಾಸದಿಂದ ಕಂಡರು" ಎನ್ನುತ್ತೇವಲ್ಲವೆ? ಮೊದಲನೆಯ ವಿಶ್ವಾಸ ಎಲ್ಲರಿಗೂ ಬರಲೇಬೇಕೆಂದು ನಾನು ಒತ್ತಾಯಿಸಲಾರೆ. ಅದು ಒತ್ತಾಯದಿಂದ ಬರುವಂಥದೂ ಅಲ್ಲ. ಎರಡನೆಯ ವಿಶ್ವಾಸ ನಮ್ಮ ಕೈಯಲ್ಲಿಯೇ ಇದೆ. ನನ್ನ ಬುದ್ಧಿಯನ್ನು ನೀವು ಅಲ್ಲಗಳೆಯಬೇಡಿ, ನಿಮ್ಮ ಅಂತಃಕರಣವನ್ನು ನಾನು ಸಂಶಯಿಸುವುದಿಲ್ಲ. ಚರ್ಚೆಯನ್ನು ಆ ಮೇಲೆ ಧಾರಾಳವಾಗಿ ಮುಂದುವರಿಸೋಣ.