ಬಾಡಿಗೆ ಕಾರಿನ ಕೀಲಿ ಕೈಗೆ ಬಂದಾಗ

"ಪುಣೆಯಿಂದ ಧಾರವಾಡಕ್ಕೆ ನೀನೇ ಕಾರು ಓಡಿಸ್ತೀಯಲ್ಲ, ಅದರ ಬಗ್ಗೆ ಮಾತಾಡು" ಅಂತ ನಮ್ಮ ಕಾರ್ಯದರ್ಶಿಯವರು ಹೇಳಿದರು. ಓಡಿಸುವುದಕ್ಕಿಂತ ಅದಕ್ಕೂ ಮೊದಲಿನ ಹದಿನೈದು ನಿಮಿಷದ ಬಗ್ಗೆಯೇ ನನಗೆ ಹೇಳುವುದು ಹೆಚ್ಚಿದೆ.

ನಮ್ಮ ಸೊಸೈಟಿಯಲ್ಲಿ ಪಾರ್ಕಿಂಗ್ ಇಲ್ಲ. ಹಾಗಾಗಿ ಬೇಕಾದಾಗ ಸೆಲ್ಫ್ ಡ್ರೈವ್ ಕಾರು ತರುತ್ತೇನೆ. ಎಂಟೆಕ್ ಮಾಡಿದ್ದು ಕಂಪ್ಯೂಟರ್‌ನಲ್ಲಿ, ಎಂಜಿನ್ ಬಗ್ಗೆ ನನಗೇನೂ ವಿಶೇಷ ಜ್ಞಾನವಿಲ್ಲ. ನಾನು ಹೇಳುವುದೆಲ್ಲ ಕಣ್ಣಿನಿಂದ ನೋಡಬಹುದಾದದ್ದು ಮಾತ್ರ.

ಮೊದಲು ನಂಬರ್ ಪ್ಲೇಟ್. ಸೆಲ್ಫ್ ಡ್ರೈವ್ ಬಾಡಿಗೆಗೆ ನೋಂದಾಯಿಸಿದ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುತ್ತದೆ. ಬಿಳಿ ಪ್ಲೇಟಿನ ಕಾರು ಕಡಿಮೆ ದುಡ್ಡಿಗೆ ಸಿಗಬಹುದು. ಆದರೆ ಖಾಸಗಿ ಕಾರಿನ ಸಾಮಾನ್ಯ ವಿಮೆ ಬಾಡಿಗೆಯ ಓಡಾಟಕ್ಕೆ ಅನ್ವಯಿಸುವುದಿಲ್ಲ. ಏನಾದರೂ ಆದರೆ ಖರ್ಚು ನಮ್ಮ ತಲೆಗೇ. ಆರ್‌ಸಿ, ವಿಮೆ, ಪಿಯುಸಿ, ಪರ್ಮಿಟ್ ಇವುಗಳ ದಿನಾಂಕ ನೋಡಿ. ನಿಪ್ಪಾಣಿ ಕಡೆ ಗಡಿ ದಾಟುವವರು ಪರ್ಮಿಟ್ ಮತ್ತು ತೆರಿಗೆ ಕರ್ನಾಟಕಕ್ಕೂ ಸಲ್ಲುತ್ತದೆಯೇ ಎಂದು ಬುಕ್ ಮಾಡುವಾಗಲೇ ಕೇಳಿಬಿಡಿ.

ಇನ್ನು ಟೈರು. ಹೋದ ದಸರಾ ರಜೆಯಲ್ಲಿ ಮಂಡಿ ಆಪರೇಶನ್ ಆಗಿದ್ದ ಅಮ್ಮನನ್ನು ಊರಿಗೆ ಬಿಡಬೇಕಿತ್ತು. ಬೆಳಗಿನ ಐದೂವರೆಗೆ ಹುಡುಗನೊಬ್ಬ ಕಾರು ತಂದ. ಕಾರು ತೊಳೆದು ಹೊಳೆಯುತ್ತಿತ್ತು, ಒಳಗೆ ಮಲ್ಲಿಗೆ ಸೆಂಟು. ನಾನು ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ಕೆಳಗಿಳಿದು ಟಾರ್ಚ್ ಬಿಟ್ಟೆ. ಹಾಗೆ ತಿರುಗಿಸಿದರೆ ಮಾತ್ರ ಮುಂದಿನ ಚಕ್ರದ ಒಳಮಗ್ಗುಲು ಕಾಣುತ್ತದೆ. ಎಡಗಡೆಯ ಟೈರಿನ ಒಳಬದಿಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು. ಅಲ್ಲಿ ರಬ್ಬರಿನೊಳಗಿನ ನೂಲಿನ ಪದರ ಹರಿದಿದೆ ಅಂತ ಅರ್ಥ. ವೇಗದಲ್ಲಿ, ಬಿಸಿಗೆ ಅದು ಒಡೆಯಬಹುದು.

"ಕಾಹೀ ನಾಹೀ ತಾಈ, ಗಾಡಿ ಎಕ್‌ದಮ್ ಓಕೆ ಆಹೆ" ಅಂದ ಹುಡುಗ. ಆಮೇಲೆ ನನ್ನನ್ನು ಬಿಟ್ಟು ನನ್ನ ಗಂಡನಿಗೆ ವಿವರಿಸತೊಡಗಿದ. ಬುಕಿಂಗ್ ನನ್ನ ಹೆಸರಲ್ಲಿ, ಲೈಸೆನ್ಸ್ ನನ್ನದು, ಡೆಪಾಸಿಟ್ ನನ್ನದು. ಇದು ನಿಮಗೂ ಗೊತ್ತಿರುವ ಕಥೆಯೇ, ಬಿಡಿ. ನಮ್ಮವರು "ಓಡಿಸೋದು ಅವಳು, ಅವಳನ್ನೇ ಕೇಳಿ" ಅಂತ ಹೇಳಿ ಚಹಾ ಮಾಡಲು ಒಳಗೆ ಹೋದರು. ಕುರ್ಚಿಯಲ್ಲಿ ಕೂತಿದ್ದ ಅಮ್ಮ, "ಏನವಾ, ಗಾಡಿ ತಗೊಳ್ಳಾಕತ್ತೀಯೋ, ಕನ್ಯಾ ನೋಡಾಕತ್ತೀಯೋ?" ಅಂದಳು. ನಾನು ಕಾರು ಒಲ್ಲೆ ಅಂದೆ. ಉಬ್ಬಿನ ಫೋಟೋ ಕಳಿಸಿ ಫೋನಿನಲ್ಲಿ ಸಾಕಷ್ಟು ವಾದ ಮಾಡಿದ ಮೇಲೆ ಎಂಟು ಗಂಟೆಗೆ ಬೇರೆ ಕಾರು ಬಂತು. ಖಂಬಾಟಕಿ ಘಾಟಿನಲ್ಲಿ ಲಾರಿಗಳ ನಡುವೆ ಇಳಿಯುವಾಗ ನನ್ನ ತಲೆಯಲ್ಲಿದ್ದದ್ದು ಆ ಉಬ್ಬೇ.

ಟೈರಿನ ವಯಸ್ಸನ್ನೂ ನೋಡಬಹುದು. ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 3519 ಎಂದರೆ 2019ರ 35ನೇ ವಾರದಲ್ಲಿ ತಯಾರಾದದ್ದು. ಗೆರೆಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಅಳೆಯಬೇಕಾಗಿಲ್ಲ, ಗೆರೆಗಳ ನಡುವೆ ಸಣ್ಣ ದಿಬ್ಬಗಳಿರುತ್ತವೆ, ಟೈರು ಸವೆದು ಅವುಗಳ ಮಟ್ಟಕ್ಕೆ ಬಂದಿದ್ದರೆ ಆ ಟೈರು ಬೇಡ. ಸ್ಟೆಪ್ನಿಯನ್ನೂ ಒತ್ತಿ ನೋಡಿ. ಜ್ಯಾಕು, ಪಾನಾ ಇವೆಯೇ ನೋಡಿ.

ಕಾರಿನೊಳಗೆ ಕೂತು ಕೀಲಿ ಆನ್ ಮಾಡಿ, ಎಂಜಿನ್ ಶುರು ಮಾಡಬೇಡಿ. ಎಬಿಎಸ್, ಏರ್‌ಬ್ಯಾಗ್, ಎಂಜಿನ್ ದೀಪಗಳು ಹೊತ್ತಬೇಕು. ಶುರು ಮಾಡಿದ ಮೇಲೆ ಆರಬೇಕು. ಆರದಿದ್ದರೆ ತೊಂದರೆ ಅಂತ ಎಲ್ಲರಿಗೂ ಗೊತ್ತು. ಮೊದಲು ಹೊತ್ತದೇ ಇದ್ದರೂ ಅನುಮಾನಿಸಿ, ಯಾರೋ ದೀಪವನ್ನೇ ಬಾಯಿ ಮುಚ್ಚಿಸಿರಬಹುದು. ಎಂಜಿನ್ ಚಾಲೂ ಇದ್ದಾಗ ಬ್ರೇಕ್ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತಾ ಹೋದರೆ ಆ ಕಾರನ್ನು ತಗೊಳ್ಳಲೇಬೇಡಿ. ವೈಪರ್, ಹಾರ್ನ್, ದೀಪ ಎರಡು ನಿಮಿಷದ ಕೆಲಸ.

ಹಿಂದಿನ ಸೀಟಿನ ಬೆಲ್ಟನ್ನು ಮಾತ್ರ ಮರೆಯಬೇಡಿ. ಬಾಡಿಗೆ ಕಾರುಗಳಲ್ಲಿ ಸೀಟಿನ ಕವರ್ ಹಾಕುವಾಗ ಬಕಲ್ ಕೆಳಗೆ ಸಿಕ್ಕಿಕೊಂಡಿರುತ್ತದೆ. ಎಳೆದು ತೆಗೆಸಿ. ಬೆಲ್ಟನ್ನು ಜೋರಾಗಿ ಜಗ್ಗಿದರೆ ತಟ್ಟನೆ ನಿಲ್ಲಬೇಕು. ಅಲ್ಲಿ ಕೂರುವುದು ನಮ್ಮ ಅಮ್ಮ, ಅತ್ತೆ, ಮಕ್ಕಳು ತಾನೇ?

ಡೆಪಾಸಿಟ್ ಜಗಳಕ್ಕೆ ಒಂದೇ ಔಷಧಿ, ವಿಡಿಯೋ. ನಂಬರ್ ಪ್ಲೇಟಿನಿಂದ ಶುರು ಮಾಡಿ ನಿಧಾನವಾಗಿ ಸುತ್ತು ಹಾಕಿ, ಬಂಪರಿನ ಕೆಳಭಾಗ, ಗಾಜು, ರಿಮ್ಮು ಎಲ್ಲ ಸೇರಿಸಿ, ಕೊನೆಗೆ ಕಿಲೋಮೀಟರ್ ಮತ್ತು ಪೆಟ್ರೋಲ್ ಮುಳ್ಳು. ಕಾರು ತಂದವರ ಎದುರೇ ಮಾಡಿ, ಹೊರಡುವ ಮೊದಲೇ ಕಂಪನಿಗೆ ಕಳಿಸಿ. ಮರಳಿಸುವಾಗ ಮತ್ತೊಮ್ಮೆ ಹೀಗೆಯೇ. ಎಷ್ಟೇ ಸುಸ್ತಾಗಿದ್ದರೂ ಕೀಲಿ ವಾಚ್‌ಮನ್ ಕೈಗೆ ಕೊಟ್ಟು ಹೋಗಬೇಡಿ. ಅವರೂ ನಾವೂ ಒಟ್ಟಿಗೆ ನೋಡಿದ ಮೇಲೆಯೇ ಕೊಡಿ. ಫಾಸ್ಟ್ಯಾಗ್ ಟೋಲ್ ಲೆಕ್ಕವನ್ನೂ ಅಲ್ಲಿಯೇ ಮುಗಿಸಿ.

ದಾರಿಯಲ್ಲಿ ಕೆಟ್ಟರೆ ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033, ತುರ್ತಿಗೆ 112. ಈಗಲೇ ಫೋನಿನಲ್ಲಿ ಹಾಕಿಕೊಳ್ಳಿ.

ಇವತ್ತೂ ಬಾಡಿಗೆ ಕಾರಿನಲ್ಲೇ ಬಂದಿದ್ದೇನೆ, ಕೆಳಗೆ ಗೇಟಿನ ಹತ್ತಿರ ನಿಂತಿದೆ. ಚಹಾ ಆದ ಮೇಲೆ ಬನ್ನಿ, ಸ್ಟೆಪ್ನಿ ತೆಗೆದು ಹಾಕುವುದನ್ನು ಎಲ್ಲರೂ ಒಂದು ಸಲ ಮಾಡಿ ನೋಡೋಣ.