ದಾನಿಗಳ ಬಾವಿ, ಊರ ಬಾವಿ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ದಾನ ಮಾಡುವವರು ಒಳ್ಳೆಯವರೋ ಕೆಟ್ಟವರೋ ಎಂದು ನಾವು ಕೇಳ್ತಾ ಇಲ್ಲ. ದಾನದಿಂದ ಏನು ಬದಲಾಗುತ್ತೆ, ಏನು ಹಾಗೇ ಉಳಿಯುತ್ತೆ? ನಮ್ಮ ಪ್ರಶ್ನೆ ಇಷ್ಟೇ.

1932ರ ಸೆಪ್ಟೆಂಬರಿನಲ್ಲಿ ಪೂನಾ ಒಪ್ಪಂದವಾಯಿತು. ನಮ್ಮ ಪ್ರತ್ಯೇಕ ಮತಕ್ಷೇತ್ರ ಹೋಯಿತು. ಅದರ ಬೆನ್ನಿಗೇ ಅಸ್ಪೃಶ್ಯತೆ ಕಳೆಯುತ್ತೇವೆಂದು ಒಂದು ಸಂಘ ಹುಟ್ಟಿತು. ಮುಂದೆ ಅದೇ ಹರಿಜನ ಸೇವಕ ಸಂಘವಾಯಿತು. ಅಧ್ಯಕ್ಷರು ಬಂಡವಾಳಗಾರ ಘನಶ್ಯಾಮದಾಸ್ ಬಿರ್ಲಾ, ಕಾರ್ಯದರ್ಶಿ ಠಕ್ಕರ್ ಬಾಪಾ. ಬಾಬಾಸಾಹೇಬರೂ ಮೊದಲು ಅದರ ಕೇಂದ್ರ ಮಂಡಳಿಯಲ್ಲಿದ್ದರು.

ಆ ನವೆಂಬರಿನಲ್ಲಿ ಲಂಡನ್ನಿಗೆ ಹೋಗುವ ಹಡಗಿನಿಂದ ಅವರು ಠಕ್ಕರರಿಗೆ ಕಾಗದ ಬರೆದರು. ಅಲ್ಲೊಬ್ಬ ಇಲ್ಲೊಬ್ಬ ಹುಡುಗನನ್ನು ಉದ್ಧಾರ ಮಾಡಿದರೆ ಸಾಲದು. ಬಾವಿ, ಶಾಲೆ, ಚಾವಡಿಗಳಲ್ಲಿ ಸಮಾನ ಹಕ್ಕಿಗಾಗಿ ಊರೂರಲ್ಲಿ ಚಳವಳಿಯಾಗಬೇಕು ಎಂಬುದು ಅದರ ತಿರುಳು. ಸಂಘ ಆ ದಾರಿ ಹಿಡಿಯಲಿಲ್ಲ. ಬಾಬಾಸಾಹೇಬರು ಹೊರಬಂದರು.

ನಮ್ಮವರನ್ನು ಆಡಳಿತಕ್ಕೆ ಸೇರಿಸಿ ಎಂದಾಗ ಗಾಂಧಿಯವರು ಏನೆಂದರು? ಇದು ಸವರ್ಣೀಯರ ಪ್ರಾಯಶ್ಚಿತ್ತ, ಸಾಲಗಾರ ತೀರಿಸುವ ಸಾಲ. ಆದ್ದರಿಂದ ನಡೆಸಬೇಕಾದವರೂ ಅವರೇ ಎಂದರು. ನಾವು ಕೇಳ್ತೀವಿ: ಸಾಲ ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕಿಲ್ಲವೇ?

ನಿಧಿ ಎತ್ತಲು ಗಾಂಧಿಯವರು 1934ರಲ್ಲಿ ಕರ್ನಾಟಕಕ್ಕೂ ಬಂದರು. ಆ ಹಣದಲ್ಲಿ ಕೇರಿಗಳಿಗೆ ಬೇರೆ ಬಾವಿ ತೋಡಿಸಿದರು. ನಮ್ಮವರಿಗೆ ನೀರು ಸಿಕ್ಕಿತು, ನಿಜ. ಊರ ಬಾವಿ ಮಾತ್ರ ಊರವರದ್ದೇ ಆಗಿ ಉಳಿಯಿತು. ಸಂಪ್ರದಾಯಸ್ಥರಿಗೆ ಇದಕ್ಕಿಂತ ಇನ್ನೇನು ಬೇಕು? ಪುಣ್ಯವೂ ಬಂತು, ಜಾತಿಯೂ ಉಳೀತು. 1945ರಲ್ಲಿ ಬಾಬಾಸಾಹೇಬರು ಇದನ್ನು ರಾಜಕೀಯ ದಾನ ಎಂದೇ ಕರೆದರು.

ಮಹಾಡ್ ನೆನಪು ಮಾಡಿಕೊಳ್ಳಿ. 1927ರಲ್ಲಿ ನಮ್ಮ ಜನ ಚವದಾರ್ ಕೆರೆಗೇ ಇಳಿದು ನೀರು ಕುಡಿದರು. ಹೊಡೆತ ತಿಂದರು, ಕೋರ್ಟು ಅಲೆದರು. 1937ರಲ್ಲಿ ಬೊಂಬಾಯಿ ಹೈಕೋರ್ಟಿನಲ್ಲಿ ಗೆದ್ದರು. ಹತ್ತು ವರ್ಷ ಹಿಡಿಯಿತು. ಆದರೆ ಗೆದ್ದದ್ದು ಊರ ಕೆರೆಯನ್ನೇ.

ಬಾಬಾಸಾಹೇಬರೇ ಬರೋಡಾ ಮಹಾರಾಜರ ನೆರವಿನಿಂದ ಓದಲಿಲ್ಲವಾ ಅಂತ ನೀವು ಕೇಳಬಹುದು. ಹೌದು, 1913ರಲ್ಲಿ ಆ ನೆರವಿನಿಂದಲೇ ಅಮೆರಿಕಕ್ಕೆ ಹೋದರು. 1917ರಲ್ಲಿ ಕೆಲಸಕ್ಕೆಂದು ಅದೇ ಬರೋಡಾಕ್ಕೆ ಬಂದಾಗ ತಂಗಿದ್ದ ಕೋಣೆಯಿಂದ ಜಾತಿಯ ಕಾರಣಕ್ಕೇ ಹೊರಹಾಕಿದರು. ರಾಜನ ಮನಸ್ಸು ದೊಡ್ಡದಿತ್ತು, ಊರು ಬದಲಾಗಿರಲಿಲ್ಲ. ಅದಕ್ಕೇ ಅವರು ವೈಸ್‌ರಾಯ್ ಕೌನ್ಸಿಲಿನಲ್ಲಿ ಸದಸ್ಯರಾದಾಗ ಸರ್ಕಾರದ ಖಜಾನೆಯಿಂದಲೇ ಹಣ ಕೇಳಿದರು. 1944ರಲ್ಲಿ ಶುರುವಾದ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಷಿಪ್ಪಿನಿಂದಲೇ ಇಂದಿಗೂ ನಮ್ಮ ಮಕ್ಕಳು ಕಾಲೇಜು ಓದುತ್ತಿದ್ದಾರೆ. ಅದು ಯಾರ ಭಿಕ್ಷೆಯೂ ಅಲ್ಲ.

ಈಗ 2013ರ ಕಂಪನಿ ಕಾನೂನಿನ ಪ್ರಕಾರ ದೊಡ್ಡ ಕಂಪನಿಗಳು ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಆ ಹಣ ಎಲ್ಲಿಗೆ ಹೋಗಬೇಕು ಅನ್ನೋದನ್ನು ಕಂಪನಿಯ ಮಂಡಳಿಯೇ ತೀರ್ಮಾನಿಸುತ್ತೆ. ದಾನಿ ಬಂದಿದ್ದಾನೆ, ಇನ್ನು ಸರ್ಕಾರ ಯಾಕೆ ಎಂಬ ರಾಜಕಾರಣವೂ ಅದರ ಹಿಂದೆಯೇ ಬರುತ್ತೆ. ಸ್ಕಾಲರ್‌ಷಿಪ್ ತಡವಾದರೆ ನಾವು ಆಫೀಸಿನ ಮುಂದೆ ಧರಣಿ ಕೂರಬಹುದು. ದಾನಿ ಕೈ ಎತ್ತಿದರೆ ಯಾರ ಮುಂದೆ ಕೂರೋಣ?

ಕೊಟ್ಟ ಪುಸ್ತಕ, ಕಂಬಳಿ ಬೇಡ ಎನ್ನಬೇಡಿ. ಹಸಿದವರಿಗೆ ಅಂಥ ಬಿಂಕ ಬೇಡ. ಆದರೆ ತಗೊಂಡ ಕೈ ಮುಗಿದೇ ಇರಬಾರದು. ಸಮಿತಿಯಲ್ಲಿ ನಮ್ಮವರು ಯಾರಿದ್ದಾರೆ, ಲೆಕ್ಕ ಎಲ್ಲಿದೆ, ಊರ ಬಾವಿ ಯಾವಾಗ ತೆರೆಯುತ್ತೆ ಎಂದು ಕೇಳಿ. ಕೇಳಿದ ದಿನ ದಾನಿಯ ಮುಖ ನೋಡಿ. ಅವನು ಯಾವ ಕಡೆಯವನೆಂದು ಅಲ್ಲೇ ತಿಳಿಯುತ್ತೆ.

ಜೈ ಭೀಮ್.