ಅರ್ಧ ದಿಸದ ಲೆಕ್ಕ ಮತ್ತು ಒಂದು ಇಂಗ್ಲಿಷ್ ಮಾತು

(ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಪ್ರೌಢಶಾಲಾ ಶಿಕ್ಷಕರ ಮುಂದೆ ಮಾಡಿದ ಭಾಷಣದ ಬರಹರೂಪ)



ಇಂಗ್ಲಿಷಿನಲ್ಲಿ ದಿನಬಳಕೆಯ ಒಂದು ಮಾತಿದೆ: ‘ಲೆಟ್ ಅಸ್ ಕಾಲ್ ಇಟ್ ಎ ಡೇ’. ಇದರಲ್ಲಿ ಕಷ್ಟದ ಪದ ಒಂದೂ ಇಲ್ಲ. ‘ಕಾಲ್’ ಎಂದರೆ ಕರೆ, ‘ಡೇ’ ಎಂದರೆ ದಿನ ಎಂಬುದನ್ನು ನಮ್ಮ ಹಳ್ಳಿಯ ಮಕ್ಕಳು ಚಿಕ್ಕ ತರಗತಿಯಲ್ಲೇ ಕಲಿತಿರುತ್ತಾರೆ. ಆದರೂ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ದಾಟಿದ ಹುಡುಗನ ಮುಂದೆ ಈ ವಾಕ್ಯವನ್ನಿಟ್ಟರೆ ‘ಅದನ್ನು ಒಂದು ದಿನ ಕರೆಯೋಣ’ ಎಂದು ಅರ್ಥ ಹೇಳಿ ತಬ್ಬಿಬ್ಬಾಗುವುದುಂಟು. ಯಾರನ್ನು ಕರೆಯುವುದು? ಏತಕ್ಕೆ ಕರೆಯುವುದು? ಪದಗಳೆಲ್ಲ ಗೊತ್ತು, ಮಾತು ಗೊತ್ತಿಲ್ಲ.

‘ಇವತ್ತಿಗೆ ಇಷ್ಟು ಸಾಕು, ಇಲ್ಲಿಗೆ ನಿಲ್ಲಿಸೋಣ’ ಎಂಬುದು ಇದರ ಅರ್ಥ. ಇಲ್ಲೊಂದು ಸೂಕ್ಷ್ಮವಿದೆ. ಕೆಲಸ ಮುಗಿದಿದೆ ಎಂದು ಈ ಮಾತು ಹೇಳುವುದಿಲ್ಲ. ಕೆಲಸ ಉಳಿದಿರಬಹುದು, ನಾಳೆ ಮತ್ತೆ ಕೂರಬೇಕಾಗಬಹುದು. ಮಾಡಿದಷ್ಟನ್ನೇ ಒಂದು ದಿನದ ಕೆಲಸವೆಂದು ಒಪ್ಪಿಕೊಳ್ಳೋಣ ಎಂಬುದು ಅದರ ಒಳಗಿನ ತಾತ್ಪರ್ಯ. ಆಟಗಾರನೊಬ್ಬ ಆಟದಿಂದ ನಿವೃತ್ತನಾದಾಗಲೂ ಇದೇ ಮಾತು ಬಳಕೆಯಾಗುತ್ತದೆ.

ಈ ನುಡಿಗಟ್ಟಿನ ಇತಿಹಾಸವನ್ನು ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಇದರ ಹಳೆಯ ರೂಪ ‘ಕಾಲ್ ಇಟ್ ಹಾಫ್ ಎ ಡೇ’, ಅಂದರೆ ‘ಅರ್ಧ ದಿನ ಅನ್ನೋಣ’. ಅಮೆರಿಕದ 1838ರ ಬರಹದಲ್ಲಿ ಅದು ಸಿಗುತ್ತದೆ. ಕೆಲಸದ ಹೊತ್ತು ಮುಗಿಯುವ ಮೊದಲೇ ಹೊರಟವರ ಮಾತು ಅದು. ಇಡೀ ದಿನದ ಈಗಿನ ರೂಪ 1919ರ ಹೊತ್ತಿಗೆ ದಾಖಲಾಗಿದೆ. ಇಲ್ಲಿ ‘ಕಾಲ್’ ಎಂಬುದಕ್ಕೆ ಕೂಗಿ ಕರೆಯುವುದು ಎಂಬ ಅರ್ಥವಿಲ್ಲ; ‘ಅನ್ನು’, ‘ಎಂದು ಲೆಕ್ಕ ಹಾಕಿಕೊ’ ಎಂಬ ಅರ್ಥ. ಮೂಲದಲ್ಲಿ ಇದು ದಿನದ ಲೆಕ್ಕದ ಮಾತು.

ಹಾಗಾದರೆ ಈ ಮಾತು ನಮ್ಮ ಸೀಮೆಗೆ ಹೊಸದೇ? ನಾಟಿಯ ಕಾಲವನ್ನು ನೆನೆಯಿರಿ. ಬೆಳಗ್ಗೆ ಹೆಂಗಸರು ಗದ್ದೆಗಿಳಿಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಜೋರು ಮಳೆ ಹಿಡಿಯುತ್ತದೆ. ಬದುವಿನ ಮೇಲೆ ನಿಂತು ಮಾತು ನಡೆಯುತ್ತದೆ: ‘ಅರ್ಧ ದಿಸ ಅಂತ ಹಾಕ್ಕಳಣ್ಣ’ ಎಂದು ಒಬ್ಬಾಕೆ. ‘ಇನ್ನೊಂದು ಮಡಿ ಮುಗಿಸ್ಬುಟ್ಟು ಹೋಗ್ರವ್ವ, ಪೂರಾ ದಿಸವೇ ಕೊಡ್ತೀನಿ’ ಎಂದು ಗದ್ದೆಯವನು. ಅಮೆರಿಕದ ಆ ಹಳೆಯ ಮಾತು ಇದೇ ಅಲ್ಲವೇ? ಕೂಲಿಯಿಲ್ಲದೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿದು ತೀರಿಸುವ ಮುಯ್ಯಾಳಿನಲ್ಲೂ ಈ ಲೆಕ್ಕವಿದೆ. ಇಂದು ನಮ್ಮ ಹೊಲದಲ್ಲಿ ಅರ್ಧ ದಿನಕ್ಕೆ ನಿಂತ ಆಳಿಗೆ ನಾಳೆ ನಾವು ಅರ್ಧ ದಿನವನ್ನೇ ತೀರಿಸಬೇಕು. ಪದಾರ್ಥ ಹೇಳಿ ತಬ್ಬಿಬ್ಬಾದ ಹುಡುಗನ ತಾಯಿ ಬಹುಶಃ ಈ ಮಾತನ್ನು ವರ್ಷಕ್ಕೆ ಹತ್ತು ಸಲ ಆಡಿರುತ್ತಾಳೆ.

ಕೆಲಸ ನಿಲ್ಲಿಸುವ ಮಾತು ಕೆಲಸಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಉಳುವವನಿಗೆ ‘ಆರು ಬಿಡುವ ಹೊತ್ತು’ ಇತ್ತು; ಅದನ್ನು ತೀರ್ಮಾನಿಸುತ್ತಿದ್ದುದು ಬಿಸಿಲು ಮತ್ತು ಎತ್ತಿನ ದಣಿವು. ಆಲೆಮನೆಯಲ್ಲಿ ಒಲೆಯ ಮೇಲೆ ಕೊಪ್ಪರಿಗೆ ಕುದಿಯುತ್ತಿರುವಾಗ ‘ಸಾಕು’ ಎನ್ನುವಂತಿಲ್ಲ. ಪಾಕ ಬಂದು ಬೆಲ್ಲ ಅಚ್ಚಿಗೆ ಇಳಿಯಲೇಬೇಕು. 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಕಬ್ಬು ಅರೆಯುವ ಕಾಲದಲ್ಲಿ ಹಗಲಿರುಳು ದುಡಿಯುವ ಪಾಳಿ ಬಂತು. ‘ಶಿಫ್ಟ್ ಬಿಡ್ತು’ ಎಂಬುದು ಮನೆಮಾತಾಯಿತು. ಅದಕ್ಕೂ ಮೊದಲು, 1902ರಲ್ಲೇ, ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಿತ್ತು. ಅಲ್ಲಿ ಆಳು ಬದಲಾದರೂ ಯಂತ್ರಕ್ಕೆ ಬಿಡುವಿಲ್ಲ. ‘ಕಾಲ್ ಇಟ್ ಎ ಡೇ’ ಎನ್ನುವ ಸ್ವಾತಂತ್ರ್ಯ ಎಲ್ಲ ಕೆಲಸದಲ್ಲೂ ಇರುವುದಿಲ್ಲ.

ಇದೇ ಕಾರಣಕ್ಕೆ ಈ ಮಾತನ್ನು ಯಾರು ಯಾರಿಗೆ ಆಡುತ್ತಾರೆ ಎಂಬುದೂ ಪಾಠದ ಭಾಗವಾಗಬೇಕು. ಸಮಾನರು ಪರಸ್ಪರ ಆಡಬಹುದು. ಮೇಲಧಿಕಾರಿ ಹೇಳಿದರೆ ಅದು ಅಪ್ಪಣೆಯಂತೆ. ಹೊಸದಾಗಿ ಸೇರಿದವನು ಹೇಳುವುದಾದರೆ ‘ಶಲ್ ವಿ’ ಎಂದು ಪ್ರಶ್ನೆಯ ರೂಪದಲ್ಲಿ ಕೇಳುವುದು ಮೇಲು. ದಿನಗೂಲಿಯವಳು ಈ ಮಾತಾಡಿದರೆ ಅದಕ್ಕೆ ಅರ್ಧ ಕೂಲಿಯ ಬೆಲೆ ತೆರಬೇಕಾಗಬಹುದು. ಮನೆಗೆ ಹೋದ ಮೇಲೆ ಹಸುವಿಗೆ ಹುಲ್ಲು ಹಾಕಿ, ಹಾಲು ಕರೆದು, ಮುದ್ದೆ ತೊಳಸುವ ಕೆಲಸಕ್ಕೆ ಸಾಕು ಎನ್ನುವವರೂ ಇಲ್ಲ.

ಮಂಡ್ಯ ಜಿಲ್ಲೆಯಲ್ಲಿ 1913ರಲ್ಲಿ ಹುಟ್ಟಿದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಪದಗಳ ಅರ್ಥ, ಬಳಕೆಗಳನ್ನು ವರ್ಷಗಟ್ಟಲೆ ವಿವರಿಸಿದರು. ಪದವನ್ನು ಬಳಕೆಯಿಂದ ಬೇರ್ಪಡಿಸಬಾರದು ಎಂಬುದು ಆ ಕೆಲಸದಿಂದ ನಾವು ಕಲಿಯಬೇಕಾದ ಪಾಠ.

ಇದೆಲ್ಲ ಚಿಕ್ಕ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ಮದ್ದೂರು, ಮಂಡ್ಯಗಳಿಂದ ದಿನವೂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಯುವಕ ಯುವತಿಯರಿದ್ದಾರೆ; ರೈಲಿಲ್ಲದ ಮಳವಳ್ಳಿಯವರು ಬಸ್ಸು ಹಿಡಿಯುತ್ತಾರೆ. ಕಚೇರಿಯಲ್ಲಿ ಇಂಥ ಒಂದು ಮಾತು ಅರ್ಥವಾಗದೆ ಪೆಚ್ಚಾದ ಹುಡುಗಿ ‘ನನಗೆ ಇಂಗ್ಲಿಷ್ ಬರುವುದಿಲ್ಲ’ ಎಂದು ತೀರ್ಮಾನಿಸಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಆ ಮೌನ ಅವಳಿಗೆ ಬಡ್ತಿಯನ್ನೇ ತಪ್ಪಿಸಬಹುದು. ಅವಳಲ್ಲಿ ಬುದ್ಧಿಯ ಕೊರತೆಯಿಲ್ಲ. ತನಗೆ ಮೊದಲೇ ಗೊತ್ತಿರುವ ಮಾತು ಇದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ವಿನಂತಿ. ನುಡಿಗಟ್ಟುಗಳ ಪಟ್ಟಿ ಕೊಟ್ಟು ಉರು ಹೊಡೆಸಬೇಡಿ. ‘ನಿಮ್ಮೂರಲ್ಲಿ ಕೆಲಸ ಬಿಡುವಾಗ ಏನಂತಾರೆ?’ ಎಂದು ಮೊದಲು ಮಕ್ಕಳನ್ನೇ ಕೇಳಿ. ‘ಇವತ್ತಿಗೆ ಸಾಕು ಬುಡ್ರಪ್ಪ’, ‘ಅರ್ಧ ದಿಸ ಹಾಕ್ಕಳಿ’ ಎಂದು ಅವರು ಹೇಳುವುದನ್ನೆಲ್ಲ ಕರಿಹಲಗೆಯ ಮೇಲೆ ಬರೆಯಿರಿ. ಅದರ ಪಕ್ಕದಲ್ಲಿ ಇಂಗ್ಲಿಷ್ ಮಾತನ್ನು ಬರೆಯಿರಿ. ಗದ್ದೆ ಬದುವಿನ ಮಾತು ಇಂಗ್ಲಿಷ್ ಮಾತಿನ ಪಕ್ಕದಲ್ಲಿ ಸರಿಸಮನಾಗಿ ನಿಂತದ್ದನ್ನು ಕಂಡ ಮಗುವಿಗೆ ಆ ಭಾಷೆಯ ಭಯ ಅರ್ಧಕ್ಕರ್ಧ ಇಳಿದುಹೋಗುತ್ತದೆ.